ಬಟ್ಟೆ, ಬತ್ತಿ, ಬಟ್ಟಲು

ಆಯಿ ಮೂರು ದಿನ ಹೊರಜಗಲಿಯ ಮೂಲೆಯಲ್ಲಿ ಬೇರೆ ಚಾಪೆ ಹಾಸಿಕೊಂಡು ಕುಳಿತುದನ್ನು ಕಂಡು 'ಏಕೆ?' ಎಂದು ಕೇಳಿದ ಮಗುವಿಗೆ ನಮ್ಮ ಕರಾವಳಿಯ ಮನೆಗಳಲ್ಲಿ ಒಂದೇ ಉತ್ತರ ಸಿದ್ಧವಾಗಿರುತ್ತಿತ್ತು: 'ಕಾಗೆ ಮುಟ್ಟಿದೆ.' ಮಗು ಅಂಗಳದ ಕಾಗೆಯನ್ನು ನೋಡಿ ಸುಮ್ಮನಾಗುತ್ತಿತ್ತು. ಅದು ಹೆಣ್ಣುಮಗುವಾಗಿದ್ದರೆ ಕೆಲವು ವರ್ಷಗಳ ತರುವಾಯ ಕಾಗೆಯ ಗುಟ್ಟು ತಾನಾಗಿಯೇ ತಿಳಿಯುತ್ತಿತ್ತು. ಗಂಡಾಗಿದ್ದರೆ ಮದುವೆಯಾಗುವ ತನಕ, ಕೆಲವೊಮ್ಮೆ ಆ ಮೇಲೂ, ಕಾಗೆ ಕಾಗೆಯಾಗಿಯೇ ಉಳಿಯುತ್ತಿತ್ತು. ಲೋಕದ ಅರ್ಧದಷ್ಟು ಜನರ ಬಾಳಿನಲ್ಲಿ ಮೂವತ್ತು ನಲವತ್ತು ವರ್ಷ ತಿಂಗಳು ತಿಂಗಳೂ ಬಂದುಹೋಗುವ ಈ ಸಂಗತಿಗೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಒಂದು ಸಾಲು ಸಿಗುವುದೂ ಕಷ್ಟ. ಅರಸರು ಉಟ್ಟ ಪೀತಾಂಬರದ ವರ್ಣನೆ ನಮಗೆ ಬೇಕಾದಷ್ಟಿದೆ. ಅರಸಿಯಾಗಲಿ ಒಕ್ಕಲಗಿತ್ತಿಯಾಗಲಿ ಆ ನಾಲ್ಕು ದಿನ ಬಳಸಿದ ಬಟ್ಟೆಯ ಕಥೆ ಇಲ್ಲ. ಆ ಬಟ್ಟೆಯ ಬದಲಿಗೆ ಇಂದು ಅಂಗಡಿಯಲ್ಲಿ ಟ್ಯಾಂಪನ್ ಇದೆ, ಮುಟ್ಟಿನ ಕಪ್ ಇದೆ. ಇವೆರಡರಲ್ಲಿ ಯಾವುದು ಲೇಸೆಂದು ಕಾಲೇಜಿನ ಹುಡುಗಿಯರು ತಮ್ಮತಮ್ಮಲ್ಲಿ ಚರ್ಚಿಸುತ್ತಾರೆ. ಆ ಚರ್ಚೆಗೆ ಹಿನ್ನೆಲೆಯಾಗಿ ಈ ವಸ್ತುಗಳ ಚರಿತ್ರೆಯನ್ನು ಸ್ವಲ್ಪ ನೋಡುವುದು ಈ ಲೇಖನದ ಉದ್ದೇಶ.

ಕನ್ನಡ ಕಲಿಸುವವರ ಚಾಳಿಯಂತೆ ಶಬ್ದಗಳಿಂದಲೇ ಹೊರಡೋಣ. ಋತುಮತಿ, ಪುಷ್ಪವತಿ, ರಜಸ್ವಲೆ ಎಂಬವು ಸಂಸ್ಕೃತದಿಂದ ಬಂದ ಕಾವ್ಯದ ಮಾತುಗಳು. ಆಡುಮಾತಿನಲ್ಲಿ ಇರುವವು 'ಹೊರಗಾಗುವುದು', 'ದೂರ ಕೂರುವುದು', 'ಮುಟ್ಟಾಗುವುದು'. ಇವು ಯಾವುವೂ ದೇಹದಲ್ಲಿ ಏನು ನಡೆಯಿತೆಂದು ಹೇಳುವುದಿಲ್ಲ. ಸುತ್ತಲಿನವರು ಎಷ್ಟು ದೂರ ನಿಲ್ಲಬೇಕೆಂಬುದನ್ನು ಮಾತ್ರ ಹೇಳುತ್ತವೆ. ಮುಟ್ಟಬಾರದ ಸ್ಥಿತಿಗೇ 'ಮುಟ್ಟು' ಎಂದು ಹೆಸರು ಬಿದ್ದುದು ಭಾಷೆಯ ಒಂದು ವಿನೋದ. ಹಳಗನ್ನಡಕ್ಕೆ ಹೋದರೆ 'ಪೊಲೆ', ಅಂದರೆ ಇಂದಿನ 'ಹೊಲೆ' ಸಿಗುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟು ಈ ಶಬ್ದಕ್ಕೆ ಮುಟ್ಟಿನ ಸ್ರಾವ, ಹೆರಿಗೆಯ ಸೂತಕ, ಮೈಲಿಗೆ ಎಂಬ ಅರ್ಥಗಳನ್ನು ಕೊಡುತ್ತದೆ. ಹೆಣ್ಣನ್ನು ಮೂರು ದಿನ ಹೊರಗಿಟ್ಟ ಶಬ್ದವೇ ಒಂದು ಜನಸಮುದಾಯವನ್ನು ಬಾಳೆಲ್ಲ ಹೊರಗಿಟ್ಟಿತೆಂಬುದನ್ನು ಇಲ್ಲಿ ಮರೆಯಬಾರದು. ಬಸವಣ್ಣನವರು ಒಂದು ವಚನದಲ್ಲಿ ಇದೇ ಶಬ್ದವನ್ನು ಕೈಗೆತ್ತಿಕೊಂಡು, ಇದಿಲ್ಲದೆ ಪಿಂಡಕ್ಕೆ ನೆಲೆಯೇ ಇಲ್ಲವೆಂದು ತೋರಿಸಿ, ಮೈಲಿಗೆಯ ತರ್ಕವನ್ನು ಬುಡಸಮೇತ ಅಲ್ಲಾಡಿಸಿದರು. ಶರಣರು ಅಲ್ಲಗಳೆದ ಪಂಚಸೂತಕಗಳಲ್ಲಿ ರಜಸ್ಸೂ ಒಂದು. ಎಂಟು ಶತಮಾನಗಳ ಮೇಲೂ ಆ ಮಾತು ಎಲ್ಲ ಮನೆಗಳ ಜಗಲಿಗೆ ಬಂದು ಮುಟ್ಟಿಲ್ಲ.

'ಮುಟ್ಟು' ಎಂಬುದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಉಂಟು: ಉಪಕರಣ, ಸಲಕರಣೆ. ಕಮ್ಮಾರನಿಗೆ ಅವನ ಮುಟ್ಟು, ಅಡುಗೆಗೆ ಅದರ ಮುಟ್ಟು. ಹಾಗಾದರೆ ನಮ್ಮ ವಿಷಯ ಮುಟ್ಟಿನ ಮುಟ್ಟುಗಳು. ಅವನ್ನು ಮೂರು ಕನ್ನಡ ಮಾತುಗಳಲ್ಲಿ ಹೇಳಬಹುದು: ಬಟ್ಟೆ, ಬತ್ತಿ, ಬಟ್ಟಲು.

ಬಟ್ಟೆಯೇ ಹಿರಿದು. ಮಹಾಭಾರತದ ಸಭಾಪರ್ವದಲ್ಲಿ ದ್ರೌಪದಿಯನ್ನು ಕರೆಯಲು ಬಂದಾಗ ಆಕೆ ರಜಸ್ವಲೆ, ಏಕವಸ್ತ್ರೆ. ವಸ್ತ್ರಾಪಹಾರದ ಪ್ರಸಂಗವನ್ನು ನಮ್ಮ ಉತ್ತರ ಕನ್ನಡದ ಯಕ್ಷಗಾನ, ತಾಳಮದ್ದಲೆಗಳಲ್ಲಿ ನೋಡಿ ಕೇಳಿ ಕಣ್ಣೀರಿಟ್ಟವರು ಎಷ್ಟೋ ಜನ. ಆದರೆ ಆಕೆ ಒಂದೇ ವಸ್ತ್ರದಲ್ಲಿ ಏಕಿದ್ದಳೆಂಬ ಪ್ರಶ್ನೆಯನ್ನು ನಾವು ಹಾಡಿನ ಭರದಲ್ಲಿ ದಾಟಿಬಿಡುತ್ತೇವೆ. ಮುಡಿ ಹಿಡಿದು ಸಭೆಗೆ ಎಳೆತಂದುದಷ್ಟೇ ಅವಮಾನವಲ್ಲ. ಮೈ ಮರೆಸಿ ಕುಳಿತಿರಬೇಕಾದ ದಿನಗಳಲ್ಲಿ ಎಳೆತಂದುದೂ ಅವಮಾನವೇ. ತೈತ್ತಿರೀಯ ಸಂಹಿತೆಯ ಕಥೆಯಲ್ಲಿ ವಿಶ್ವರೂಪನನ್ನು ಕೊಂದ ಇಂದ್ರ ತನ್ನ ಪಾಪವನ್ನು ಭೂಮಿಗೂ ಮರಗಳಿಗೂ ಹೆಂಗಸರಿಗೂ ಹಂಚುತ್ತಾನೆ; ಹೆಂಗಸರ ಪಾಲಿಗೆ ಬಂದುದೇ ಮುಟ್ಟು. ಪಾಪ ಮಾಡಿದವನು ಒಬ್ಬ, ಹೊರುವವರು ಬೇರೆಯವರು. ಇದಕ್ಕೆ ವಿರುದ್ಧವಾಗಿ ತುಳುನಾಡಿನವರು ಮಕರ ಮಾಸದ ಕೊನೆಯಲ್ಲಿ ಕೆಡ್ಡಸದ ಹಬ್ಬ ಮಾಡಿ, ಭೂಮಿ ಮುಟ್ಟಾದಳೆಂದು ಮೂರು ದಿನ ನೇಗಿಲು ತಾಗಿಸದೆ, ಕೊನೆಗೆ ನೆಲಕ್ಕೆ ಎಣ್ಣೆಯೆರೆದು ಸತ್ಕರಿಸುತ್ತಾರೆ. ನೆಲಕ್ಕೆ ಸಿಕ್ಕ ಈ ವಿಶ್ರಾಂತಿ, ಈ ಮರ್ಯಾದೆ ನೆಲದ ಹೆಣ್ಣುಮಕ್ಕಳಿಗೂ ಸಿಕ್ಕಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತು.

ಆ ಬಟ್ಟೆ ಎಲ್ಲಿಂದ ಬರುತ್ತಿತ್ತು? ಉಟ್ಟು ಉಟ್ಟು ಸವೆದ ಸೀರೆಯಿಂದ. ಹೊಸ ಬಟ್ಟೆ ಚೆನ್ನಾಗಿ ಹೀರದು. ಹಲವು ಸಲ ಒಗೆದು ಮೆತ್ತಗಾದ ಹತ್ತಿಯ ಸೀರೆಯೇ ಆಗಬೇಕು. ಹತ್ತಿಯ ವಿಷಯದಲ್ಲಿ ಕಾರವಾರ ಅಂಕೋಲೆಗಳಿಗೆ ಒಂದು ವಿಶೇಷ ಚರಿತ್ರೆಯಿದೆ. 1861ರಲ್ಲಿ ಅಮೇರಿಕೆಯ ಅಂತರ್ಯುದ್ಧ ಮೊದಲಾಗಿ ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಾರರ ಕಣ್ಣು ಧಾರವಾಡದ ಸೀಮೆಯ ಮೇಲೆ ಬಿತ್ತು. ಆ ಹತ್ತಿಯನ್ನು ಘಟ್ಟದ ಕೆಳಗಿಳಿಸಿ ಕಾರವಾರದ ಬಂದರಿನಿಂದ ಸಾಗಿಸಬೇಕೆಂಬ ಒತ್ತಾಯಕ್ಕೆ ಮಣಿದೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿಸಲಾಯಿತು. ಅರಬೈಲು ಘಟ್ಟದ ದಾರಿಯಾಗಿ ಹತ್ತಿಯ ಗಾಡಿಗಳು ಅಂಕೋಲೆಯ ಕಡೆಗಿಳಿದವು. 1865ರಲ್ಲಿ ಯುದ್ಧ ನಿಂತಿತು. ಮುಂದೆ ರೈಲುದಾರಿ ಬೇರೆ ದಿಕ್ಕು ಹಿಡಿಯಿತು. ಬಂದರಿನ ಕನಸು ಸಣ್ಣದಾಯಿತು. ನಮ್ಮ ನಾಡಿನ ಹತ್ತಿ ಹಡಗು ಹತ್ತಿ ಹೋಗಿ, ಗಿರಣಿಯ ಬಟ್ಟೆಯಾಗಿ ತಿರುಗಿ ಬಂದು, ಪೇಟೆಯಿಂದ ಸೀರೆಯಾಗಿ ಮನೆ ಸೇರಿ, ಸವೆದು, ಕಡೆಗೆ ಚಿಂದಿಯಾಗಿ ಹೆಂಗಸರ ಈ ಕೆಲಸಕ್ಕೆ ಬರುತ್ತಿತ್ತು. ಬಂದರಿನ ಲೆಕ್ಕದ ಪುಸ್ತಕದಲ್ಲಿ ಹತ್ತಿಯ ಮೂಟೆಗಳ ಎಣಿಕೆಯಿದೆ. ಪ್ರಯಾಣದ ಈ ಕೊನೆಯ ಹಂತವನ್ನು ಯಾವ ಗುಮಾಸ್ತನೂ ಬರೆದಿಡಲಿಲ್ಲ.

ಬಟ್ಟೆಯಲ್ಲಿ ಸ್ವತಃ ದೋಷವಿಲ್ಲ. ಚೆನ್ನಾಗಿ ಒಗೆದು ಬಿಸಿಲಿನಲ್ಲಿ ಒಣಗಿಸಿದ ಹತ್ತಿಬಟ್ಟೆ ಇಂದಿಗೂ ನಿರಪಾಯವೇ. ದೋಷವಿದ್ದುದು ಬಿಸಿಲು ಸಿಗದಿದ್ದುದರಲ್ಲಿ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಸೀಮೆ ನಮ್ಮದು. ಅದರಲ್ಲಿ ಬಹುಪಾಲು ಜೂನಿನಿಂದ ಸಪ್ಟೆಂಬರಿನೊಳಗೆ ಸುರಿಯುತ್ತದೆ. ಉಡುವ ಸೀರೆಯೇ ಮೂರು ದಿನಕ್ಕೂ ಒಣಗದ ಆಷಾಢದಲ್ಲಿ ಈ ಬಟ್ಟೆ ಒಣಗುವುದೆಲ್ಲಿ? ಬಿಸಿಲಿದ್ದ ದಿನವೂ ಅದನ್ನು ಅಂಗಳದ ಹಗ್ಗದ ಮೇಲೆ ಹಾಕುವಂತಿಲ್ಲ. ಗಂಡಸರ ಕಣ್ಣಿಗೆ ಬೀಳಬಾರದು. ಹಿತ್ತಲಿನ ಬೇಲಿಯ ಮರೆಗೆ, ಇನ್ನೊಂದು ಬಟ್ಟೆಯ ಕೆಳಗೆ, ಇಲ್ಲವೆ ಬಚ್ಚಲೊಲೆಯ ಹೊಗೆಯಲ್ಲಿ ಅದು ಅರೆಹಸಿಯಾಗಿಯೇ ಉಳಿಯಬೇಕು. ಅರೆಹಸಿಯಾಗಿಯೇ ಮತ್ತೆ ಬಳಕೆಗೆ ಬರಬೇಕು. ತೊಡೆಸಂದಿನ ಹುಣ್ಣು, ತುರಿಕೆ, ದುರ್ವಾಸನೆ, ಬಾಯಿಬಿಟ್ಟು ಹೇಳಲಾಗದ ಕಾಯಿಲೆ, ಇವೆಲ್ಲಕ್ಕೂ ಬಟ್ಟೆಗಿಂತ ಮರೆಮಾಚುವಿಕೆಯೇ ಹೆಚ್ಚಿನ ಕಾರಣ. ಅನುಪಮಾ ನಿರಂಜನರಂತಹ ವೈದ್ಯಲೇಖಕಿಯರು ಹೆಣ್ಣಿನ ದೇಹದ ಬಗ್ಗೆ ಕನ್ನಡದಲ್ಲಿ ಸಂಕೋಚವಿಲ್ಲದೆ ಪುಸ್ತಕ ಬರೆಯುವ ತನಕ ಇಂತಹ ಕಾಯಿಲೆಗೆ ಓದುಬರಹ ಬಲ್ಲ ಹೆಂಗಸಿಗೂ ಅಕ್ಷರದ ಆಸರೆ ಇರಲಿಲ್ಲವೆಂದೇ ಹೇಳಬೇಕು.

ಒಗೆಯುತ್ತಿದ್ದವರು ಯಾರೆಂಬುದನ್ನೂ ಕೇಳಬೇಕು. ಬಡವರ ಮನೆಯಲ್ಲಿ ಅವಳ ಬಟ್ಟೆಯನ್ನು ಅವಳೇ ಒಗೆದಳು. ಉಳ್ಳವರ ಮನೆಯ ಮೈಲಿಗೆಯ ಬಟ್ಟೆ ಮಡಿವಾಳರ ಮನೆಯ ಹೆಂಗಸರ ಕೈಗೆ ಹೋಯಿತು. ಅವರು ಒಗೆದುಕೊಟ್ಟರೆ 'ಮಡಿ'. ಒಗೆದ ಕೈ ಮಾತ್ರ ಮನೆಯೊಳಗೆ ಬರುವಂತಿಲ್ಲ. ಒಬ್ಬರ ಮೈಲಿಗೆ ಇನ್ನೊಬ್ಬರ ಕೈಗೆ ವರ್ಗವಾಗುವ ಈ ಏರ್ಪಾಡನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಬೇರೆ ವೇಷದಲ್ಲಿ ಬರುತ್ತದೆ.

ಇನ್ನು ಬತ್ತಿ. ಟ್ಯಾಂಪನ್ ಎಂಬುದು ಫ್ರೆಂಚ್ ಮಾತು. ಬಿರಡೆ, ಗಿಡಿದು ಮುಚ್ಚುವ ವಸ್ತು ಎಂದು ಅರ್ಥ. ಹತ್ತಿಯನ್ನು ಬೆರಳಿನ ಗಾತ್ರಕ್ಕೆ ಒತ್ತಿ ದಾರ ಕಟ್ಟಿದ ಈ ವಸ್ತುವನ್ನು ದೇಹದೊಳಗೆ ಇಟ್ಟರೆ ಅದು ಸ್ರಾವವನ್ನು ಅಲ್ಲಿಯೇ ಹೀರಿಕೊಳ್ಳುತ್ತದೆ. ಹುಣ್ಣಿನಲ್ಲಿ ಬತ್ತಿಯಿಡುವುದು ವೈದ್ಯರಿಗೆ ಹಳೆಯ ವಿದ್ಯೆ. ನಮ್ಮ ಆಯುರ್ವೇದದಲ್ಲಿಯೂ ಔಷಧದ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಒಳಗಿಡುವ 'ಯೋನಿಪಿಚು' ಎಂಬ ಚಿಕಿತ್ಸೆಯಿದೆ. ಅಂದಮೇಲೆ ಹತ್ತಿಯನ್ನು ಒಳಗಿಡುವುದು ನಮಗೆ ತೀರ ಪರಕೀಯವಾದ ಕಲ್ಪನೆಯೇನಲ್ಲ. ಅದು ಔಷಧಕ್ಕೆ ಸಲ್ಲುತ್ತಿತ್ತು, ತಿಂಗಳ ಬಳಕೆಗೆ ಬಂದಿರಲಿಲ್ಲ, ಅಷ್ಟೆ. ಪ್ರಾಚೀನ ಗ್ರೀಸಿನ ಹೆಂಗಸರು ಕಡ್ಡಿಗೆ ನಾರು ಸುತ್ತಿ ಇದೇ ಕೆಲಸಕ್ಕೆ ಬಳಸುತ್ತಿದ್ದರೆಂದು ಕೆಲವರು ಬರೆಯುತ್ತಾರೆ. ಮೂಲಗ್ರಂಥಗಳನ್ನು ಶೋಧಿಸಿದ ವಿದ್ವಾಂಸರು ಅದಕ್ಕೆ ಆಧಾರವಿಲ್ಲವೆಂದು ತೋರಿಸಿದ್ದಾರೆ.

ಇಂದಿನ ಟ್ಯಾಂಪನ್ನಿಗೆ ಖಚಿತವಾದ ಜನ್ಮಕುಂಡಲಿಯಿದೆ. ಅಮೇರಿಕೆಯ ಡೆನ್ವರ್ ಪಟ್ಟಣದ ವೈದ್ಯ ಅರ್ಲ್ ಹಾಸ್ 1931ರಲ್ಲಿ ಇದಕ್ಕೆ ಪೇಟೆಂಟ್ ಕೋರಿ 1933ರಲ್ಲಿ ಪಡೆದ. ಒಂದರೊಳಗೊಂದು ಜಾರುವ ಕಾಗದದ ಎರಡು ನಳಿಗೆಗಳ ಸಹಾಯದಿಂದ, ಕೈತಾಗದಂತೆ ಹತ್ತಿಯನ್ನು ಒಳಗಿಡುವುದು ಅವನ ಉಪಾಯ. ಆ ಹಕ್ಕನ್ನು ಕೊಂಡು ವ್ಯಾಪಾರಕ್ಕಿಳಿಸಿದವಳು ಅದೇ ಊರಿನ ಗೆರ್ಟ್ರೂಡ್ ಟೆಂಡರಿಚ್ ಎಂಬ ಹೆಂಗಸು. ಆಕೆ ಮನೆಯಲ್ಲಿಯೇ ಹೊಲಿಗೆಯಂತ್ರ ಇಟ್ಟುಕೊಂಡು ಮೊದಲ ಸರಕನ್ನು ತಯಾರಿಸಿದಳು. 'ಟ್ಯಾಂಪ್ಯಾಕ್ಸ್' ಹುಟ್ಟಿದ್ದು ಹೀಗೆ. ಎರಡನೆಯ ಮಹಾಯುದ್ಧದಲ್ಲಿ ಹೆಂಗಸರು ಕಾರ್ಖಾನೆಗಳಿಗೆ ಹೋದಾಗ ಇದರ ಬಳಕೆ ಹೆಚ್ಚಿತು. ಜರ್ಮನಿಯಲ್ಲಿ ಜೂಡಿತ್ ಎಸ್ಸರ್-ಮಿಟಾಗ್ ಎಂಬ ಸ್ತ್ರೀರೋಗತಜ್ಞೆ ನಳಿಗೆಯಿಲ್ಲದೆ ಬೆರಳಿನಿಂದಲೇ ಇಡಬಹುದಾದ ಮಾದರಿಯನ್ನು ರೂಪಿಸಿದಳು. 1950ರಲ್ಲಿ ಅದು ಪೇಟೆಗೆ ಬಂತು.

ವಿರೋಧ ಬಾರದಿರಲಿಲ್ಲ. 'ಕನ್ಯೆಯರು ಇದನ್ನು ಬಳಸಬಹುದೇ?' ಎಂಬ ಅಳುಕು ನಮ್ಮ ಅಜ್ಜಿಯರದೇ ಎಂದು ತಿಳಿಯಬೇಕಾಗಿಲ್ಲ. 1944ರಲ್ಲಿ ಡಬ್ಲಿನ್ನಿನ ಆರ್ಚ್‌ಬಿಷಪ್ ಮೆಕ್ವೇಡ್ ಐರ್ಲೆಂಡಿನಲ್ಲಿ ಇದರ ಮಾರಾಟಕ್ಕೆ ಆಕ್ಷೇಪವೆತ್ತಿ ಸರಕಾರದ ಬಾಗಿಲು ತಟ್ಟಿದರು. ತಿಳಿದವರಲ್ಲಿಯೂ ತಿಳಿವಳಿಕೆ ಎಷ್ಟಿತ್ತೆಂಬುದಕ್ಕೆ 1983ರ ಒಂದು ಸಂಗತಿ ಸಾಕು. ಸ್ಯಾಲಿ ರೈಡ್ ಎಂಬಾಕೆ ಅಮೇರಿಕೆಯ ಮೊದಲ ಮಹಿಳಾ ಗಗನಯಾತ್ರಿಯಾಗಿ ಹೊರಟಾಗ, ಒಂದು ವಾರದ ಪಯಣಕ್ಕೆ ನೂರು ಟ್ಯಾಂಪನ್ ಸಾಕೇ ಎಂದು ಅಲ್ಲಿನ ಇಂಜಿನಿಯರರು ಆಕೆಯನ್ನೇ ಕೇಳಿದರಂತೆ. ಅಂತರಿಕ್ಷದ ಗಣಿತ ಬಲ್ಲವರಿಗೂ ಕಾಗೆ ಮುಟ್ಟಿದ ಗಣಿತ ಬಾರದು!

ಬಟ್ಟಲಿನ ಕಥೆ ಇದಕ್ಕಿಂತ ವಿಚಿತ್ರ. ಸ್ರಾವವನ್ನು ಹೀರುವ ಬದಲು ಹಿಡಿದಿಡಬೇಕೆಂಬ ಯೋಚನೆ ಹಳೆಯದು. ಸೊಂಟಪಟ್ಟಿಗೆ ಬಿಗಿದ ಒಂದು ಚೀಲಕ್ಕೆ 1867ರಲ್ಲಿಯೇ ಅಮೇರಿಕೆಯಲ್ಲಿ ಪೇಟೆಂಟ್ ಸಿಕ್ಕಿತ್ತು. ಬಳಸಬಲ್ಲ ಕಪ್ಪನ್ನು ರೂಪಿಸಿದವಳು ಲಿಯೋನಾ ಚಾಮರ್ಸ್ ಎಂಬ ನಟಿ. ಗಂಟೆಯನ್ನು ಬೋರಲು ಹಿಡಿದಂತಿರುವ ರಬ್ಬರಿನ ಆ ಪುಟ್ಟ ಬಟ್ಟಲಿಗೆ ಆಕೆಗೆ 1937ರಲ್ಲಿ ಪೇಟೆಂಟ್ ದೊರೆಯಿತು. ಅಂದರೆ ಬತ್ತಿಗೂ ಬಟ್ಟಲಿಗೂ ನಾಲ್ಕೇ ವರ್ಷದ ಅಂತರ. ಒಂದೇ ದೇಶದಲ್ಲಿ, ಒಂದೇ ಕಾಲದಲ್ಲಿ ಹುಟ್ಟಿದ ಅಕ್ಕತಂಗಿಯರು. ಅಕ್ಕ ಲೋಕವನ್ನೆಲ್ಲ ಸುತ್ತಿದಳು. ತಂಗಿ ಅರವತ್ತು ಎಪ್ಪತ್ತು ವರ್ಷ ಮೂಲೆಯಲ್ಲಿ ಕುಳಿತಳು. ಏಕೆ?

ಒಂದು ಕಾರಣ ಯುದ್ಧ. ಜಪಾನ್ ಮಲಯವನ್ನು ಹಿಡಿದ ಮೇಲೆ ರಬ್ಬರಿಗೆ ಬರ ಬಂದು ಕಪ್ಪಿನ ತಯಾರಿಕೆ ನಿಂತಿತು. 1960ರ ಆಸುಪಾಸಿನಲ್ಲಿ 'ಟ್ಯಾಸೆಟ್' ಎಂಬ ಹೆಸರಿನಲ್ಲಿ ಅದು ಮತ್ತೆ ಬಂದು, ಕೆಲವೇ ವರ್ಷಗಳಲ್ಲಿ ಮತ್ತೆ ಹೋಯಿತು. ಹೆಂಗಸರ ಸಂಕೋಚ ಇನ್ನೊಂದು ಕಾರಣ: ತನ್ನ ದೇಹವನ್ನು ತಾನೇ ಬೆರಳಿನಿಂದ ಅರಿಯಬೇಕು, ತನ್ನ ರಕ್ತವನ್ನು ತಾನೇ ನೋಡಿ ಚೆಲ್ಲಬೇಕು. ಇವೆರಡೂ ನಿಜವೇ. ಆದರೆ ಮೂರನೆಯ ಕಾರಣವನ್ನು ಅಂಗಡಿಕಾರನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಮ್ಮೆ ಬಳಸಿ ಎಸೆಯುವ ವಸ್ತುವಿಗೆ ಗಿರಾಕಿ ಪ್ರತಿ ತಿಂಗಳೂ ಬರುತ್ತಾಳೆ. ಹತ್ತು ವರ್ಷ ಬಾಳುವ ವಸ್ತುವನ್ನು ಕೊಂಡವಳು ಹತ್ತು ವರ್ಷ ಅಂಗಡಿಯತ್ತ ತಲೆಹಾಕುವುದಿಲ್ಲ. ತಿಂಗಳಿಗೆ ಇಪ್ಪತ್ತು ಬತ್ತಿಯೆಂದು ಹಿಡಿದರೆ ಹತ್ತು ವರ್ಷಕ್ಕೆ 2,400 ಆದವು. ಅಷ್ಟು ಮಾರಾಟವನ್ನು ಒಂದು ಬಟ್ಟಲು ನುಂಗಿಹಾಕುತ್ತದೆ. ಜಾಹೀರಾತಿಗೆ ಹಣ ಸುರಿಯುವವರು ಯಾವುದಕ್ಕೆ ಸುರಿದಾರು? ಬಟ್ಟಲು ಸೋತದ್ದು ಗುಣದಲ್ಲಿ ಅಲ್ಲ, ಬಹುಮಟ್ಟಿಗೆ ಲಾಭದ ಲೆಕ್ಕದಲ್ಲಿ. 1987ರಲ್ಲಿ 'ಕೀಪರ್' ಎಂಬ ಹೆಸರಿನಿಂದ ಅಮೇರಿಕೆಯಲ್ಲಿ ಅದು ಮತ್ತೆ ತಲೆಯೆತ್ತಿತು. ಈ ಶತಮಾನದ ಮೊದಲಲ್ಲಿ ರಬ್ಬರಿನ ಸ್ಥಾನಕ್ಕೆ ವೈದ್ಯಕೀಯ ಸಿಲಿಕೋನ್ ಬಂದ ಮೇಲೆ ಅದು ನೆಲೆ ಕಂಡಿತು.

ಅಷ್ಟರಲ್ಲಿ ಅಕ್ಕನಿಗೆ ಒಂದು ಗಂಡಾಂತರ ಒದಗಿತ್ತು. 1978ರಲ್ಲಿ ಜೇಮ್ಸ್ ಟಾಡ್ ಎಂಬ ಮಕ್ಕಳ ವೈದ್ಯ ಒಂದು ಭೀಕರ ಕಾಯಿಲೆಯನ್ನು ವಿವರಿಸಿ 'ಟಾಕ್ಸಿಕ್ ಶಾಕ್' ಎಂದು ಹೆಸರಿಟ್ಟ. ಅವನಿದ್ದುದೂ ಟ್ಯಾಂಪನ್ ಹುಟ್ಟಿದ ಡೆನ್ವರಿನಲ್ಲಿಯೇ. ಒಂದು ಜಾತಿಯ ಸೂಕ್ಷ್ಮಾಣು ಉಗುಳುವ ವಿಷದಿಂದ ಜ್ವರವೇರಿ, ಮೈಮೇಲೆ ಕೆಂಪು ಗಂದೆಯೆದ್ದು, ರಕ್ತದ ಒತ್ತಡ ಕುಸಿದು ರೋಗಿ ಸಾಯಲೂಬಹುದು. 1980ರಲ್ಲಿ ಅಮೇರಿಕೆಯ ನೂರಾರು ತರುಣಿಯರಿಗೆ ಈ ರೋಗ ತಗಲಿತು, ಹಲವರು ಸತ್ತರು. ಹೆಚ್ಚು ಹೀರಬೇಕೆಂದು ಕೃತಕ ವಸ್ತುಗಳನ್ನು ತುಂಬಿದ, ಬಹಳ ಹೊತ್ತು ಒಳಗೇ ಉಳಿಯುವ ಟ್ಯಾಂಪನ್ನುಗಳಿಗೂ ಈ ರೋಗಕ್ಕೂ ಸಂಬಂಧವಿದೆಯೆಂದು ಕಂಡುಬಂತು. ಆ ವರ್ಷದ ಸಪ್ಟೆಂಬರಿನಲ್ಲಿ 'ರಿಲೈ' ಎಂಬ ಸರಕನ್ನು ಅದರ ತಯಾರಕರಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಪೇಟೆಯಿಂದ ಹಿಂದೆಗೆಯಿತು. ಆ ಮೇಲೆ ವಸ್ತು ಬದಲಾಯಿತು, ಹೀರುವ ಶಕ್ತಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯುವ ನಿಯಮ ಬಂತು, ರೋಗ ಅತಿ ವಿರಳವಾಯಿತು. ಆದರೂ ಒಂದು ಟ್ಯಾಂಪನ್ನನ್ನು ನಾಲ್ಕರಿಂದ ಎಂಟು ಗಂಟೆಯೊಳಗೆ ತೆಗೆಯಲೇಬೇಕೆಂಬ ಎಚ್ಚರಿಕೆ ಇಂದಿಗೂ ಉಳಿದಿದೆ.

ಈಗ ಎರಡನ್ನೂ ಎದುರುಬದುರು ಇಟ್ಟು ನೋಡಬಹುದು. ಬತ್ತಿ ಹೀರುತ್ತದೆ, ಸ್ರಾವದೊಂದಿಗೆ ಒಳಗಿನ ಸಹಜ ತೇವವನ್ನೂ ಹೀರುತ್ತದೆ. ಬಟ್ಟಲು ಹಿಡಿಯುತ್ತದೆ, ಹೀರುವುದಿಲ್ಲ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್. 80 ದಾಟಿದರೆ ಅತಿಸ್ರಾವ. ಒಂದು ಬಟ್ಟಲು ಒಮ್ಮೆಗೆ 20ರಿಂದ 30 ಮಿಲಿಲೀಟರ್ ಹಿಡಿಯುವುದರಿಂದ ಹೆಚ್ಚಿನವರಿಗೆ ದಿನಕ್ಕೆ ಎರಡು ಸಲ ಬರಿದು ಮಾಡಿದರೆ ಸಾಕು. ಹನ್ನೆರಡು ಗಂಟೆಯ ತನಕ ಇಡಬಹುದು. ಬತ್ತಿಯನ್ನು ಕಲಿಯುವುದು ಸುಲಭ. ಬಟ್ಟಲನ್ನು ಮಡಚಿ ಇಡುವ ಹದ ಕೈಗೆ ಬರಲು ಎರಡು ಮೂರು ತಿಂಗಳು ಬೇಕಾಗಬಹುದು. ಕಾಪರ್-ಟಿ ಹಾಕಿಸಿಕೊಂಡವರು ಬಟ್ಟಲನ್ನು ಎಳೆಯುವಾಗ ಅದೂ ಜಾರುವ ಸಂಭವವಿರುವುದರಿಂದ ಮೊದಲು ವೈದ್ಯರನ್ನು ಕೇಳಬೇಕು. ಟಾಕ್ಸಿಕ್ ಶಾಕ್ ಬಟ್ಟಲು ಬಳಸಿದವರಲ್ಲಿಯೂ ಇಲ್ಲವೇ ಇಲ್ಲವೆನ್ನುವಂತಿಲ್ಲ, ಆದರೆ ಅತಿ ವಿರಳ. 'ಲ್ಯಾನ್ಸೆಟ್' ವೈದ್ಯಪತ್ರಿಕೆಯ ಬಳಗದಲ್ಲಿ 2019ರಲ್ಲಿ ಪ್ರಕಟವಾದ ಒಂದು ಪರಾಮರ್ಶೆ 43 ಅಧ್ಯಯನಗಳನ್ನು, 3,319 ಮಂದಿಯ ಅನುಭವವನ್ನು ಒಟ್ಟುಗೂಡಿಸಿ, ಸೋರುವಿಕೆಯಲ್ಲಿ ಬಟ್ಟಲು ಉಳಿದವುಗಳಿಗೆ ಸಮ ಅಥವಾ ಮೇಲೆಂದೂ, ಬಳಸಿ ರೂಢಿಯಾದವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಅದನ್ನೇ ಮುಂದುವರಿಸಲು ಬಯಸಿದರೆಂದೂ ಹೇಳಿತು. ಕನ್ಯತ್ವದ ಮಾತೋ? ಕನ್ನೆಪೊರೆಯೆಂಬುದು ಆಟ, ಓಟ, ಸೈಕಲ್ ಸವಾರಿಗಳಿಂದಲೂ ಸಡಿಲವಾಗಬಲ್ಲದು. ಅದು ಶೀಲದ ಮೊಹರಲ್ಲವೆಂದು ವೈದ್ಯಶಾಸ್ತ್ರ ಎಂದೋ ಹೇಳಿ ಮುಗಿಸಿದೆ.

ಇದು ಸರ್ವತ್ರ ಸಲ್ಲುವ ಮಾತಾಯಿತು. ನಮ್ಮ ಊರಿನ ಹೆಂಗಸರನ್ನು ಕಣ್ಣೆದುರು ಇಟ್ಟುಕೊಂಡರೆ ಹೋಲಿಕೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಾಳಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಆರಿಸುವಾಕೆಗೆ ಬಟ್ಟೆಯಾಗಲಿ ಪ್ಯಾಡ್ ಆಗಲಿ ನೀರು ಕುಡಿದು ಭಾರವಾಗುವ ಕಾಟವೇ ಹೊರತು ರಕ್ಷೆಯಲ್ಲ. ನಸುಕಿನಲ್ಲಿ ಬುಟ್ಟಿ ಹೊತ್ತು ಹೊರಟು ಹೊತ್ತೇರುವ ತನಕ ಮೀನುಪೇಟೆಯಲ್ಲಿ ಕುಕ್ಕರಗಾಲಿನಲ್ಲಿ ಕೂರುವಾಕೆಗೆ, ಮಳೆಗಾಲದಲ್ಲಿ ದಿನವಿಡೀ ಕೆಸರುಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ಹಾಲಕ್ಕಿ ಒಕ್ಕಲಗಿತ್ತಿಗೆ, ನಾಲ್ಕು ಗಂಟೆಗೊಮ್ಮೆ ಬದಲಿಸಲು ಮರೆಯೆಲ್ಲಿ? ಬತ್ತಿ ನೀರಿನಲ್ಲಿ ಪ್ಯಾಡಿಗಿಂತ ಮೇಲು ನಿಜ. ಆದರೆ ಅದನ್ನೂ ಹೊರಗಿರುವಾಗಲೇ ಬದಲಿಸಬೇಕು, ಎಸೆಯಬೇಕು. ಮುಂಜಾನೆ ಮನೆಯಲ್ಲಿಟ್ಟು ಸಂಜೆ ಮನೆಗೆ ಬಂದು ತೆಗೆಯಬಹುದಾದುದು ಬಟ್ಟಲೊಂದೇ. ಶಾಲೆಯ ಹುಡುಗಿಯರದೂ ಇದೇ ಪಾಡು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯ ಹಳ್ಳಿಗಳಿಗೆ ವಿದ್ಯೆಯ ಬಾಗಿಲು ತೆರೆದಾಗ ಮೈಲುಗಟ್ಟಲೆ ನಡೆದು ಬಂದವರಲ್ಲಿ ಹೆಣ್ಣುಮಕ್ಕಳೂ ಇದ್ದರು. ತರಗತಿಯಲ್ಲಿ ಅವರಿಗೆ ಬೆಂಚು ದೊರೆತಷ್ಟು ಬೇಗ ನೀರಿರುವ, ಚಿಲಕವಿರುವ ಶೌಚಾಲಯ ದೊರೆಯಲಿಲ್ಲ. ನಮ್ಮ ನಾಡಿನ ಎಷ್ಟೋ ಶಾಲೆಗಳ ಕಥೆ ಇದು. ತಿಂಗಳಿಗೆ ಮೂರು ದಿನದ ಗೈರುಹಾಜರಿಯ ಹಿಂದೆ ಓದಿನ ಅಸಡ್ಡೆಯಲ್ಲ, ಆ ಚಿಲಕವಿಲ್ಲದ ಬಾಗಿಲು ಇರುತ್ತದೆ.

ನಮ್ಮ ದೇಶದಲ್ಲಿ ಬಟ್ಟೆಯ ಸ್ಥಾನಕ್ಕೆ ಬಂದುದು ಬತ್ತಿಯೂ ಅಲ್ಲ, ಬಟ್ಟಲೂ ಅಲ್ಲ, ಅಂಗಡಿಯ ಪ್ಯಾಡ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 64 ಮಂದಿ ಪ್ಯಾಡ್ ಬಳಸುವವರು, 50ರಷ್ಟು ಮಂದಿ ಬಟ್ಟೆ ಬಳಸುವವರು. ಎರಡನ್ನೂ ಬಳಸುವವರು ಇದರಲ್ಲಿ ಸೇರಿದ್ದಾರೆ. ಟ್ಯಾಂಪನ್ ಬಳಸುವವರು ನೂರಕ್ಕೆ ಇಬ್ಬರೂ ಇಲ್ಲ. ಕಪ್ ಬಳಸುವವರು ಒಬ್ಬರೂ ಇಲ್ಲ. ಕರ್ನಾಟಕ ಸರಕಾರ 2013ರ ಹೊತ್ತಿಗೆ 'ಶುಚಿ' ಯೋಜನೆಯಲ್ಲಿ ಶಾಲೆಯ ಹುಡುಗಿಯರಿಗೆ ಪ್ಯಾಡ್ ಹಂಚತೊಡಗಿತು; 2024ರಲ್ಲಿ 'ನನ್ನ ಮೈತ್ರಿ' ಎಂಬ ಹೆಸರಿನಿಂದ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ಪ್ರಾಯೋಗಿಕವಾಗಿ ಮುಟ್ಟಿನ ಕಪ್ ಹಂಚುವ ಕೆಲಸಕ್ಕೂ ಕೈಹಾಕಿತು. ಕೇರಳದ ಆಲಪ್ಪುಳದಲ್ಲಿ 2019ರಲ್ಲಿಯೇ ಇಂತಹ 5,000 ಕಪ್ ಹಂಚಿದ್ದರು. ಆ ಯೋಜನೆಗೆ ಅವರಿಟ್ಟ ಹೆಸರು 'ತಿಂಗಳ್'. ನಮ್ಮ 'ತಿಂಗಳು' ಎಂಬ ಮಾತಿನ ಸೋದರಿ, ಚಂದ್ರನೂ ಹೌದು, ಮಾಸವೂ ಹೌದು. 'ಹೊರಗೆ', 'ದೂರ' ಎಂಬವುಗಳ ಜಾಗದಲ್ಲಿ ಚಂದ್ರನ ಹೆಸರು ಬಂದುದು ಸಣ್ಣ ಸಂಗತಿಯಲ್ಲ.

ಸಾಮಾನ್ಯವಾಗಿ ಬತ್ತಿ, ಬಟ್ಟಲುಗಳ ಹೋಲಿಕೆ ಎರಡು ಪ್ರಶ್ನೆಗಳಿಗೆ ನಿಂತುಬಿಡುತ್ತದೆ: ಯಾವುದು ಹಿತ, ಯಾವುದು ಅಗ್ಗ? ಚರಿತ್ರೆ ಮೂರನೆಯದೊಂದನ್ನು ಕೇಳೆನ್ನುತ್ತದೆ: ಬಳಸಿದ ಮೇಲೆ ಅದು ಯಾರ ಕೈಗೆ ಹೋಗುತ್ತದೆ? ಹಿಂದೆ ಮಡಿವಾಳಗಿತ್ತಿಯ ಕೈಗೆ ಹೋದದ್ದು ಈಗ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕಸದ ಗಾಡಿಗೆ ಬೀಳುತ್ತದೆ. ಅಲ್ಲಿ ಅದನ್ನು ಬಿಡಿಸಿ ವಿಂಗಡಿಸುವುದು ಪೌರಕಾರ್ಮಿಕರ ಕೈ. ಅವರಲ್ಲಿ ಬಹುಪಾಲು ಜನ ಯಾರು, ಯಾವ ಕೇರಿಯಿಂದ ಬಂದವರು ಎಂಬುದನ್ನು ವಿವರಿಸಬೇಕಾಗಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಇಂತಹ ಕಸವನ್ನು ಬೇರೆ ಸುತ್ತಿ ಕೊಡಬೇಕೆಂದು ವಿಧಿಸಿದವು. ಸುತ್ತಿದರೂ ಅದು ಮುಟ್ಟುವುದು ಇನ್ನೊಬ್ಬರ ಕೈಯನ್ನೇ. ಗಾಡಿ ಬಾರದ ಹಳ್ಳಿಯಲ್ಲಿ ಅದು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಸೇರಿ, ಒಂದು ದಿನ ಮೀನುಗಾರನ ಬಲೆಯಲ್ಲಿ ಮೇಲೆ ಬರುತ್ತದೆ. ಬರಿಯ ಹತ್ತಿಯ ಬತ್ತಿ ಪ್ಲಾಸ್ಟಿಕ್ಕಿನ ಪ್ಯಾಡಿಗಿಂತ ಬೇಗ ಮಣ್ಣಾಗುತ್ತದೆ ನಿಜ. ಆದರೂ ಅದೂ ಪರರ ಕೈಗೆ ಹೋಗುವ ಸರಕೇ. ಬಟ್ಟಲು ಮಾತ್ರ ಬಳಸಿದವಳ ಕೈಯಲ್ಲಿಯೇ ಉಳಿಯುತ್ತದೆ. ಈ ದೃಷ್ಟಿಯಿಂದ ಅದು ಅಮೇರಿಕೆಯ ಬತ್ತಿಯ ತಂಗಿಯಾಗಿರುವುದಕ್ಕಿಂತ ನಮ್ಮ ಅಜ್ಜಿಯ ಬಟ್ಟೆಯ ಮೊಮ್ಮಗಳು: ತೊಳೆದು ಮತ್ತೆ ಬಳಸುವ ಅದೇ ಮಿತವ್ಯಯ, ಒಣಗದ ಮಳೆಗಾಲದ ಕಾಟ ಮಾತ್ರ ಇಲ್ಲ.

ಇಷ್ಟು ಹೇಳಿ, ಎಲ್ಲರೂ ಬಟ್ಟಲನ್ನೇ ಹಿಡಿಯಿರೆಂದು ಡಂಗುರ ಹೊಡೆಯುವುದು ತರವಲ್ಲ. ಯಾರ ದೇಹಕ್ಕೆ ಯಾವುದು ಒಗ್ಗುತ್ತದೆಂಬ ನಿರ್ಣಯ ಆ ದೇಹದವಳದು. ಅದನ್ನು ಶಾಸ್ತ್ರವೂ ಮಾಡಬಾರದು, ಅಂಗಡಿಯೂ ಮಾಡಬಾರದು, ಪತ್ರಿಕೆಯ ಲೇಖನವೂ ಮಾಡಬಾರದು. ನಿರ್ಣಯಕ್ಕೆ ಬೇಕಾದ ಅನುಕೂಲವನ್ನು ಒದಗಿಸುವುದು ಮಾತ್ರ ಉಳಿದವರ ಹೊಣೆ. ಬಟ್ಟಲಿಗೆ ಬೇಕಾದುದು ಬಹಳವಿಲ್ಲ: ಶುದ್ಧವಾದ ನೀರು, ಚಿಲಕವಿರುವ ಬಾಗಿಲು, ಮುಟ್ಟಿನಿಂದ ಮುಟ್ಟಿಗೆ ಐದು ನಿಮಿಷ ಕುದಿಸಲು ಒಂದು ಪಾತ್ರೆ, ಒಂದು ಒಲೆ. ತೊಡಕಿರುವುದು ಈ ಕೊನೆಯದರಲ್ಲಿಯೇ. ಮೂರು ದಿನ ಒಲೆಯ ಹತ್ತಿರ ಸುಳಿಯಬಾರದೆಂಬ ಮನೆಯಲ್ಲಿ ಹುಡುಗಿಯೊಬ್ಬಳು ಶಾಲೆಯಲ್ಲಿ ಕೊಟ್ಟ ಕಪ್ಪನ್ನು ಹಿಡಿದು ಬಂದರೆ ಅದನ್ನು ಎಲ್ಲಿ ಕುದಿಸಬೇಕು? ಅಡುಗೆಮನೆಯ ಪಾತ್ರೆಯಲ್ಲೇ? 'ಅಯ್ಯೋ ಶಿವನೇ' ಎನ್ನುವ ಅಜ್ಜಿಗೆ ಮೊಮ್ಮಗಳು ಏನೆಂದು ಉತ್ತರಿಸಬೇಕು? ಸರಕಾರ ಕಪ್ಪನ್ನು ಹಂಚಬಹುದು, ಒಲೆಯನ್ನು ಹಂಚಲಾರದು. ಅದನ್ನು ಮನೆಯವರೇ ಬಿಟ್ಟುಕೊಡಬೇಕು. ಅಡುಗೆಯ ಒಲೆ ಇಂದೇ ಒಲಿಯದಿದ್ದರೆ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿರುವ ಬಚ್ಚಲೊಲೆಯಾದರೂ ಇದೆ. ಒಂದು ಕಾಲದಲ್ಲಿ ಅಜ್ಜಿಯ ಬಟ್ಟೆಯನ್ನು ಹೊಗೆಯ ಮರೆಯಲ್ಲಿ ಒಣಗಿಸಿಕೊಟ್ಟದ್ದು ಅದೇ. ಅದರ ಮೇಲೊಂದು ಪುಟ್ಟ ಪಾತ್ರೆ ಇಟ್ಟು, ಅದು ಏತಕ್ಕೆಂದು ಮನೆಯ ಗಂಡುಮಗು ಕೇಳಿದಾಗ ಕಾಗೆಯ ಕಥೆ ಹೇಳದೆ ಇದ್ದುದನ್ನು ಇದ್ದಂತೆ ಹೇಳಿದರೆ, ಅಷ್ಟರಿಂದ ಹೊಸ ಚರಿತ್ರೆ ಆರಂಭವಾದೀತು.